ಐದನೆಯ ಬಳಕೆದಾರ

"ಕದ್ದ ವಿದ್ಯೆ ಇಟ್ಕೊಂಡು ಈ ಕಂಪ್ಯೂಟರ್ ಮುಂದೆ ಕೂತ್ಕೋಬೇಡಿ ಸಾರ್," ಎಂದರು ಕಾರ್ಖಾನೆಯ ಹಳೆಯ ಆಪರೇಟರಮ್ಮ, ಬಾಗಿಲಲ್ಲೇ ನಿಂತು. "ಇದನ್ನ ಜೋಡಿಸಿದೋರ ಕೆಲಸಾನ ಇನ್ನೊಬ್ಬ ತನ್ನದು ಅಂದ. ಅವರು ಮಾಟ ಮಾಡಿಸಿಟ್ಟು ಹೋದ್ರು."

ಅದು ಯಾವ ಕಂಪ್ಯೂಟರ್ ಎಂದು ಗುರುತಿಸಲು ಬಂದಿದ್ದ ವಸ್ತುಸಂಗ್ರಹಾಲಯದ ಪರಿಣತ ನಕ್ಕುಬಿಟ್ಟ. "ಮಾಟ ಕರೆಂಟಲ್ಲಿ ನಡೆಯುತ್ತೋ, ಬ್ಯಾಟರೀಲೋ?" ಹಳೆಯ ಕಂಪ್ಯೂಟರ್‌ಗಳ ಜಾತಕ ಹೇಳುವುದರಲ್ಲಿ ಅವನದು ಎತ್ತಿದ ಕೈ. ಜಂಭವೂ ಅಷ್ಟೇ ಇತ್ತು.

ಮುಚ್ಚಳ ತೆಗೆದ. ಧೂಳು, ಸುಟ್ಟ ರಬ್ಬರಿನ ಕಮಟು. ಕಾರ್ಡುಗಳ ಸಂದಿಯಲ್ಲಿ ಕೂದಲು ಸುತ್ತಿದ ತಾಮ್ರದ ತಗಡು. ಚಿಮಟದಿಂದ ಎತ್ತಿ ಮೂಲೆಗೆ ಎಸೆದ. ಜೆಡ್-೮೦ ಪ್ರೊಸೆಸರ್, ಮೆಮೊರಿ ಕಾರ್ಡು ನಾಲ್ಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಅಂದರೆ ಏಕಕಾಲಕ್ಕೆ ನಾಲ್ವರು ಕೆಲಸ ಮಾಡಬಹುದು. ಎಂಪಿ/ಎಂ ಎಂಬ ಬಹುಬಳಕೆದಾರರ ವ್ಯವಸ್ಥೆಯೇ ಇರಬೇಕು. ಸ್ವಿಚ್ ಒತ್ತಿದ.

ಡಿಸ್ಕು ಕರಕರ ತಿರುಗಿತು. ಪರದೆಯ ಮೇಲೆ ಬಳಕೆದಾರರ ಪಟ್ಟಿ. ಐದು ಹೆಸರು. ಐದನೆಯದು ಮೇಷ್ಟ್ರದು.

ಅವನಿಗೆ ಈ ವಿದ್ಯೆ ಕಲಿಸಿದವರೇ ಅವರು. ಅವರು ಕಣ್ಣು ಕಳೆದುಕೊಂಡ ವರ್ಷ, ಮೂವತ್ತು ವರ್ಷದ ಅವರ ಟಿಪ್ಪಣಿ ಪುಸ್ತಕವನ್ನು ಎತ್ತಿಕೊಂಡು ಹೋಗಿ ತನ್ನ ಹೆಸರಲ್ಲಿ ಅಚ್ಚು ಹಾಕಿಸಿದ್ದ. ಮೇಷ್ಟ್ರು ಕೇಳಿದಾಗ, ಇಲಿ ತಿಂದಿರಬೇಕು ಎಂದಿದ್ದ.

ಹಸಿರು ಅಕ್ಷರಗಳಲ್ಲಿ ಪ್ರಶ್ನೆ ಮೂಡಿತು: ಪುಸ್ತಕ ಎಲ್ಲಿ?

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಬೆರಳುಗಳು ಹಳೆಯ ಚಾಳಿ ಬಿಡಲಿಲ್ಲ. ಇಲಿ ತಿಂದಿರಬೇಕು, ಎಂದು ಒತ್ತಿದ.

ದೀಪ ಆರಿತು. ಕಗ್ಗತ್ತಲು. ಕಿವಿಯ ಪಕ್ಕದಲ್ಲೇ ಹಾಳೆ ಹರಿದ ಸದ್ದು. ಒಂದು. ಮತ್ತೊಂದು. ಒಂದೊಂದು ಹಾಳೆಗೂ ತಲೆಯೊಳಗಿಂದ ಒಂದೊಂದು ಹೆಸರು ಕಳಚಿತು. ಪ್ರೊಸೆಸರ್ ಹೋಯಿತು. ಡಿಸ್ಕು ಹೋಯಿತು. ತಡಕಾಡಿದ. ತಂತಿ ಸಿಕ್ಕಿತು. ಕಿತ್ತ. ಬಿದ್ದು ಎದ್ದು ಹೊರಗೆ ಬಂದ.

"ಯಾವ ಕಂಪ್ಯೂಟರ್ ಅಂತ ಬರ್ಕೊಳ್ಲಿ ಸಾರ್?" ಆಪರೇಟರಮ್ಮ ಮೆಲ್ಲಗೆ ಕೇಳಿದರು.

ಹಿಂತಿರುಗಿ ನೋಡಿದ. ಪೆಟ್ಟಿಗೆಯೊಳಗೆ ಹಸಿರು ಹಲಗೆಗಳು. ಅಷ್ಟೇ ಗೊತ್ತಾಯಿತು. ಕದ್ದದ್ದೆಲ್ಲ ಹೋದ ಮೇಲೆ ತನ್ನದೆಂದು ಒಂದಕ್ಷರವೂ ಉಳಿದಿರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದ.

"ಯಾರಪ್ಪ?"

ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದ. ಹೊರಬಿದ್ದದ್ದು ಬೇರೆ. "ಮೇಷ್ಟ್ರೇ, ಒಳಗೆ ನಾಲ್ಕು ಹಸಿರು ಹಲಗೆ ಇದ್ರೆ ಅದು ಯಾವ ಕಂಪ್ಯೂಟರ್?"

ಆ ಕಡೆಯಿಂದ ಹಿಂದಿನದೇ ಅಕ್ಕರೆಯ ದನಿ. "ನೀನಾ ಮಗಾ? ಹೇಳ್ತೀನಿ, ಬರ್ಕೋ."

ಅವನು ಆಪರೇಟರಮ್ಮನಿಗೆ ಬೆನ್ನು ಮಾಡಿ ನಿಂತು ಬರೆದುಕೊಂಡ.