ಮಟಮಟ ಮಧ್ಯಾಹ್ನದ ಹೆಡ್‌ಲೈಟ್

“ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?”

ವರ್ಕ್‌ಶಾಪಿನಲ್ಲಿ ಸ್ಪ್ಯಾನರ್‌ಗಳ ಸದ್ದು ಒಮ್ಮೆಲೇ ನಿಂತಿತು. ಡ್ರೈವಿಂಗ್ ಸ್ಕೂಲಿನ ಬ್ರೇಕ್ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದ ಸೀಟಿನಲ್ಲಿ ಕೂತು ಸದಾ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟಿರುತ್ತಾಳೆಂದು ಶಿಷ್ಯರು ಇಟ್ಟ ಹೆಸರದು. ಅವಳೆದುರು ಟೆಸ್ಟರ್. ಕಿವಿಯ ಮೇಲೆ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುವ ಆ ಎಲೆಕ್ಟ್ರಿಷಿಯನ್ನಿಗೆ ಅಲ್ಲಿ ಬೇರೆ ಹೆಸರೇ ಇರಲಿಲ್ಲ.

“ಸುಳ್ಳು ಅಂತ ಎಲ್ಲಿ ಅಂದೆ ಮೇಡಂ? ನಿಮ್ಮ ಕಾರಿನ ಆಟೋಮ್ಯಾಟಿಕ್ ಹೆಡ್‌ಲೈಟ್ ಬಿಸಿಲಲ್ಲಿ ಆರಿದೆ. ಶೆಡ್ ಒಳಗೆ ತಂದ್ರೆ ತಾನೇ ಹತ್ತುತ್ತೆ. ಇನ್ನೇನು ರಿಪೇರಿ ಮಾಡ್ಲಿ?”

“ಮಟಮಟ ಮಧ್ಯಾಹ್ನ ಉರಿಯುತ್ತೆ ರೀ! ಎದುರು ಬರೋರೆಲ್ಲ ಕೈಸನ್ನೆ ಮಾಡ್ತಾರೆ. ಕಲಿಯೋಕೆ ಬಂದೋರು ಗಾಬರಿಯಾಗಿ ಸ್ಟೀರಿಂಗೇ ಬಿಡ್ತಾರೆ!”

“ಇದು ಮೂರನೇ ಸಲ ನೋಡ್ತಿರೋದು...”

ಯಾವುದೋ ಕಾರಿನ ಕೆಳಗಿಂದ ದನಿ ಬಂತು. “ಲೈಟ್ ಕೆಟ್ಟಿಲ್ಲ ಬಿಡೋ. ಮೇಡಂಗೆ ನಿನ್ನ ನೋಡ್ದೆ ಹೊತ್ತು ಹೋಗ್ತಿಲ್ಲ, ಅಷ್ಟೇ!”

ಎಲ್ಲರೂ ಗೊಳ್ಳೆಂದು ನಕ್ಕರು. ಟೆಸ್ಟರ್ ಕೂಡ ನಕ್ಕುಬಿಟ್ಟ!

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಆ ಮಾತು ಪೂರ್ತಿ ಸುಳ್ಳಾಗಿದ್ದರೆ ಒಂದು ಸಲ ಗದರಿ ಸುಮ್ಮನಾಗುತ್ತಿದ್ದಳೇನೋ. ಆದರೆ... ಅದು ಅರ್ಧ ನಿಜವಾಗಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಸೀದಾ ಸೂಪರ್‌ವೈಸರ್ ಟೇಬಲ್ಲಿಗೆ ಹೋಗಿ ದೂರಿನ ಪುಸ್ತಕ ತೆರೆದಳು. ‘ಎಲೆಕ್ಟ್ರಿಷಿಯನ್ನಿಗೆ ಕೆಲಸ ಬರುವುದಿಲ್ಲ. ಗ್ರಾಹಕರನ್ನು ಕಂಡು ನಗುತ್ತಾರೆ.’ ಹೀಗೆ ಬರೆದು, ಸಹಿ ಗೀಚಿ, ತಿರುಗಿಯೂ ನೋಡದೆ ಹೊರಟಳು.

ಎರಡನೇ ಸಲ ಬಂದಾಗ ಹೀಗಿರಲಿಲ್ಲ. ಅವತ್ತು ಅವನು ಪಕ್ಕದಲ್ಲಿ ಕೂತಿದ್ದ, ಅವಳು ಓಡಿಸಿದ್ದಳು. ಸೇತುವೆಯ ಕೆಳಗೆ, ಸಾಲುಮರದ ರಸ್ತೆಯಲ್ಲಿ, ಒಂದು ಗಂಟೆ ಸುತ್ತಾಟ.

“ಈ ಲೈಟಿಗೆ ಗಂಟೆ ಎಷ್ಟು ಅಂತ ಗೊತ್ತಿಲ್ಲ ಮೇಡಂ,” ಗಾಡಿ ನಿಲ್ಲಿಸಿದಾಗ ಅವನು ಹೇಳಿದ್ದ. “ತನ್ನ ಮೇಲೆ ಎಷ್ಟು ಬೆಳಕು ಬೀಳ್ತಿದೆ ಅನ್ನೋದಷ್ಟೇ ಗೊತ್ತು. ಕಮ್ಮಿಯಾದ್ರೆ ಕತ್ತಲಾಯ್ತು ಅಂದ್ಕೊಳ್ಳುತ್ತೆ. ಆದ್ರೆ ಆತುರ ಇಲ್ಲ. ಮರದ ನೆರಳಿರಬಹುದು ಅಂತ ಸ್ವಲ್ಪ ಕಾದು ನೋಡಿ ಹತ್ತುತ್ತೆ. ಆರೋಕೆ ಇನ್ನೂ ಜಾಸ್ತಿ ಕಾಯುತ್ತೆ. ಇಲ್ದಿದ್ರೆ ಈ ರಸ್ತೇಲಿ ಕಣ್ಣು ಹೊಡೀತಾನೇ ಇರುತ್ತೆ!”

ಆಮೇಲೆ ಬೆರಳು ಚಾಚಿ, “ಇದೆಲ್ಲ ನೋಡೋದು ಈ ಕಣ್ಣು. ಇದನ್ನ ಮುಚ್ಚಬಾರದು,” ಎಂದಿದ್ದ.

ಅವಳು ಹೂಂ ಎಂದು ತಲೆಯಾಡಿಸಿದ್ದಳು.

ದೂರು ಬರೆದು ಹತ್ತು ದಿನ ಕಳೆಯಿತು. ಅವಳ ಹೊಸ ಶಿಷ್ಯೆ ನಿವೃತ್ತ ಗಣಿತದ ಟೀಚರ್. ಆ ಕಾರಿನಲ್ಲಿ ಒಂದು ನಿಯಮವಿತ್ತು. ಇಂಜಿನ್ ಆಫ್ ಮಾಡಿಕೊಂಡವರು, ಕಲ್ಲಿಗೆ ತಗುಲಿಸಿದವರು ‘ತಪ್ಪು ನಂದು’ ಎಂದು ಗಟ್ಟಿಯಾಗಿ ಹೇಳಿಯೇ ಮತ್ತೆ ಸ್ಟಾರ್ಟ್ ಮಾಡಬೇಕು. ಟೀಚರ್ ಅದನ್ನು ದಿನಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತಿದ್ದರು.

“ನಂದು ಇನ್ನೆಷ್ಟು ಕ್ಲಾಸ್ ಉಳಿದಿದೆ ನೋಡೋಣ,” ಎಂದು ಟೀಚರ್ ಮುಂದಿನ ಗಾಜಿನ ಬುಡದಲ್ಲಿದ್ದ ಹಾಜರಿ ಪುಸ್ತಕವನ್ನು ಎತ್ತಿಕೊಂಡರು. ಕ್ಲಾಸ್ ಶುರುವಾದಾಗ ಅದರಲ್ಲಿ ಟೈಮ್ ಬರೆದು ಡ್ಯಾಶ್‌ಬೋರ್ಡಿನ ಮೇಲೆ ಎಸೆಯುವುದು ಮೇಡಂ ಅಭ್ಯಾಸ.

ಸ್ವಲ್ಪ ಹೊತ್ತಿಗೆ ಟೀಚರ್ ಕೂಗಿದರು. “ನೋಡಮ್ಮ, ಮೀಟರಲ್ಲಿದ್ದ ಹೆಡ್‌ಲೈಟಿನ ಹಸಿರು ಗುರುತು ಆರಿಹೋಯ್ತು!”

ಪುಸ್ತಕವಿದ್ದ ಜಾಗದಲ್ಲಿ ಶರ್ಟಿನ ಗುಂಡಿಯಷ್ಟು ಕಪ್ಪು ಉಬ್ಬು. ಅವಳು ಅದರ ಮೇಲೆ ಅಂಗೈ ಇಟ್ಟಳು. ಒಂದು... ಎರಡು... ಮೂರು... ಲೈಟ್ ಹತ್ತಿತು! ಕೈ ತೆಗೆದಳು. ತುಸು ಕಾದು ಆರಿತು.

‘ಅಯ್ಯೋ ದೇವರೇ!’

ಎಲ್ಲ ಅರ್ಥವಾಯಿತು. ಶಿಷ್ಯರಿದ್ದಾಗ ಪುಸ್ತಕ ಗಾಜಿನ ಬುಡದಲ್ಲಿ. ವರ್ಕ್‌ಶಾಪಿಗೆ ಹೋಗುವಾಗ ಶಿಷ್ಯರಿಲ್ಲ, ಪುಸ್ತಕ ಬ್ಯಾಗಿನಲ್ಲಿ. ಅವನು ತಲೆ ಕೆಳಗೆ ಮಾಡಿ ನಿಂತರೂ ದೋಷ ಸಿಗುವುದು ಹೇಗೆ?

ಅಲ್ಲಿಂದಲೇ ವರ್ಕ್‌ಶಾಪಿಗೆ ಫೋನ್ ಮಾಡಿದಳು. ಎತ್ತಿದ್ದು ಸೂಪರ್‌ವೈಸರ್.

“ನಿಮ್ಮ ದೂರನ್ನ ಸುಮ್ನೆ ಬಿಟ್ಟಿಲ್ಲ ಮೇಡಂ! ವೈರ್ ಮುಟ್ಟೋದೇ ಬೇಡ ಅಂತ ಅವನನ್ನ ಗಾಡಿ ತೊಳೆಯೋಕೆ ಹಾಕಿದೀನಿ. ಈ ತಿಂಗಳು ಮುಗಿದ್ಮೇಲೆ ಮನೆಗೆ ಕಳಿಸ್ತೀವಿ.”

ಅವಳು ನಿಜ ಹೇಳದೆಯೇ ಫೋನ್ ಇಟ್ಟುಬಿಟ್ಟಳು.

ಎರಡು ದಿನ ಅನ್ನ ಸೇರಲಿಲ್ಲ. ವರ್ಕ್‌ಶಾಪಿನ ರಸ್ತೆ ತಪ್ಪಿಸಿ ಸುತ್ತು ಹಾಕಿಕೊಂಡು ಓಡಾಡಿದಳು. ಕನ್ನಡಿ ನೋಡಿದರೆ ನಾಚಿಕೆ. ಶಿಷ್ಯರು ‘ತಪ್ಪು ನಂದು’ ಎಂದಾಗಲೆಲ್ಲ ಇನ್ನೂ ನಾಚಿಕೆ. ‘ಯಾವ ಮುಖ ಹೊತ್ಕೊಂಡು ಹೋಗ್ಲಿ? ಎಲ್ಲರ ಮುಂದೆ ಹೇಳಬೇಕಲ್ಲ... ಮತ್ತೆ ನಗ್ತಾರಲ್ಲ...’

ಮೂರನೇ ದಿನ ಟೀಚರ್ ಇಂಜಿನ್ ಆಫ್ ಮಾಡಿಕೊಂಡರು. “ತಪ್ಪು ನಂದು,” ಎಂದರು. ಆದರೆ ಸ್ಟಾರ್ಟ್ ಮಾಡಲಿಲ್ಲ. ಅವತ್ತು ಫೋನಿನಲ್ಲಿ ಸೂಪರ್‌ವೈಸರ್ ಅಂದದ್ದೆಲ್ಲ ಪಕ್ಕದಲ್ಲೇ ಇದ್ದ ಅವರ ಕಿವಿಗೂ ಬಿದ್ದಿತ್ತು.

“ಮೇಡಂ, ಈ ನಿಯಮ ಪಕ್ಕದ ಸೀಟಿಗೂ ಇದ್ಯಾ?”

ಅವಳ ಕಣ್ಣು ತುಂಬಿತು.

“ಅಳೋದು ಆಮೇಲೆ ಕಣಮ್ಮ. ವರ್ಕ್‌ಶಾಪಿಗೆ ಎಡಗಡೆ ತಾನೇ ತಿರುಗಬೇಕು?” ಎಂದು ಟೀಚರ್ ಇಂಡಿಕೇಟರ್ ಹಾಕಿಯೇಬಿಟ್ಟರು. ಬಲಗಡೆಯದ್ದು.

ವರ್ಕ್‌ಶಾಪಿನಲ್ಲಿ ಟೀ ಹೊತ್ತು. ಎಲ್ಲರೂ ಲೋಟ ಹಿಡಿದು ಕೂತಿದ್ದರು. ಅವನೊಬ್ಬ ಮೂಲೆಯಲ್ಲಿ ಪ್ಯಾಂಟ್ ಮಡಚಿ ಪೈಪ್ ಹಿಡಿದು ನಿಂತಿದ್ದ. ಕಿವಿಯ ಮೇಲೆ ಟೆಸ್ಟರ್ ಇರಲಿಲ್ಲ. ಆ ಖಾಲಿ ಕಿವಿ ನೋಡಿ ಅವಳು ಹಾಜರಿ ಪುಸ್ತಕ ಹಿಡಿದು ಕಾರಿನಿಂದಿಳಿದಳು.

“ಎಲ್ಲರೂ ಒಂದು ನಿಮಿಷ ಬನ್ನಿ,” ಎಂದಳು.

ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಬುಡದಲ್ಲಿ ಪುಸ್ತಕ ಇಟ್ಟಳು. ಲೈಟ್ ಹತ್ತಿತು. ತೆಗೆದಳು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಆರಿತು.

“ಬೆಳಕಿನ ಕಣ್ಣು ಮುಚ್ಚಿದ್ದು ನಾನು. ಇವರ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ. ತಪ್ಪು ನಂದು.”

ಈ ಸಲ ಯಾರೂ ನಗಲಿಲ್ಲ. ಅವಳು ದೂರಿನ ಪುಸ್ತಕ ತರಿಸಿ, ಬರೆದದ್ದನ್ನು ಹೊಡೆದು ಹಾಕಿ, ಆ ಮೂರು ಮಾತನ್ನೂ ಅಲ್ಲಿ ಬರೆದಳು. ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡು, “ನಾಳೆಯಿಂದ ಅವನು ವೈರಿಂಗ್ ಕೆಲಸಕ್ಕೇ ಬರ್ಲಿ,” ಎಂದರು.

ಅವನು ಒದ್ದೆ ಕೈ ಒರೆಸುತ್ತಾ ಹತ್ತಿರ ಬಂದ.

“ವೈರ್ ಮುಟ್ಟಿ ಹದಿಮೂರು ದಿನ ಆಗಿತ್ತು ಮೇಡಂ. ತುಂಬಾ ಬೇಜಾರಾಗಿತ್ತು...”

“ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗ್ತಿದೆ.”

“ಆ ಕಣ್ಣನ್ನ ಅವತ್ತೇ ತೋರಿಸಿದ್ನಲ್ಲ?”

“ತೋರಿಸಿದ್ರಿ... ನಾನು ನೋಡ್ಲಿಲ್ಲ.”

“ಮತ್ತೇನು ನೋಡ್ತಿದ್ರಿ?”

ಅವಳು ನೆಲ ನೋಡಿದಳು. ಇಷ್ಟೆಲ್ಲ ಹೇಳಿಯಾಗಿದೆ, ಇನ್ನು ಇದೊಂದನ್ನು ಮುಚ್ಚಿಡುವುದೇಕೆ?

“ನಿಮ್ಮನ್ನ,” ಎಂದಳು.

ಅವನು ಮೆಲ್ಲಗೆ ಹೇಳಿದ.

“ಅವತ್ತು ನಾನು ನಿಮ್ಮನ್ನ ನೋಡಿ ನಗ್ಲಿಲ್ಲ. ಕಾರಿನ ಕೆಳಗಿದ್ದೋನು ಅಂದಿದ್ದು ನಿಜ ಆಗಿದ್ರೆ... ಅಂತ ಖುಷಿಯಾಗಿ ನಕ್ಕುಬಿಟ್ಟೆ. ನಿಮಗೆ ನೋವಾಗುತ್ತೆ ಅಂತ ಹೊಳೀಲಿಲ್ಲ. ಆ ತಪ್ಪು ನಂದು.”

ಕಾರಿನಿಂದ ಟೀಚರ್ ಎರಡು ಸಲ ಹಾರ್ನ್ ಹೊಡೆದರು.

“ಲೈಟ್ ಕೆಡದಿದ್ರೂ... ನಾಳೆ ಬರಬಹುದಾ?” ಅವಳು ಕೇಳಿದಳು.

“ಬನ್ನಿ,” ಎಂದ ಅವನು. “ಪುಸ್ತಕ ಮಾತ್ರ ಬ್ಯಾಗಲ್ಲಿಟ್ಕೊಂಡು ಬನ್ನಿ.”