ಹಾಜರಿ ಗುಮಾಸ್ತನ ಕೈ

ಕೈಗವಸು ಅನಸೂಯಾ ಕೋಳಿವಾಡ ಅವರ ಬಲಗೈಯನ್ನು ಮೆಲ್ಲನೆ ಎಡಕ್ಕೆ ಒಯ್ದಿತು. ಅವರು ಕೈ ಸಡಿಲ ಬಿಟ್ಟಿದ್ದರು. ಬೆರಳುಗಳ ನಡುವಿನ ಜೊಂಡಿನ ಕುಂಚ ಕಾಗದಕ್ಕೆ ಇಳಿಯಿತು, ಒಂದು ಕೊಕ್ಕೆ ಎಳೆಯಿತು, ಅರೆಕ್ಷಣ ತಡೆದು ಮತ್ತೆ ಹೊರಟಿತು. ಮೂಡಿದ್ದು ಪ್ರಾಚೀನ ಈಜಿಪ್ಟಿನ ಓಟದ ಲಿಪಿಯ ಒಂದು ಸಾಲು: 'ಚೇಳು ಕಚ್ಚಿ ಗೈರುಹಾಜರು.' ಅದನ್ನು ಮೊದಲು ಬರೆದ ಮನುಷ್ಯ ಸತ್ತು ಸುಮಾರು ಮೂರು ಸಾವಿರದ ಇನ್ನೂರು ವರ್ಷಗಳಾಗಿದ್ದವು. ಅಂದು ಅವನ ಮಣಿಕಟ್ಟು ಹೊರಳಿದಂತೆಯೇ ಇಂದು ಧಾರವಾಡದ ಪ್ರಯೋಗಾಲಯವೊಂದರಲ್ಲಿ ಎಪ್ಪತ್ತೊಂದು ವರ್ಷದ ಹೆಂಗಸಿನ ಮಣಿಕಟ್ಟು ಹೊರಳಿತ್ತು.

ಅನಸೂಯಾ ಗವಸು ಕಳಚಿ ಆ ಸಾಲಿನ ಮೇಲೆ ಬೆರಳಾಡಿಸಿದರು. ಯಂತ್ರ ರೂಪಿಸಿದ ಡಾ. ಇಮ್ತಿಯಾಜ್ ಸವಣೂರ ನೀರು ತಂದುಕೊಟ್ಟರು.

ಯಂತ್ರದ ಹೆಸರು ಹಸ್ತಗತಿ ದರ್ಶಕ. ಅದರ ತತ್ತ್ವ ಸರಳ. ಕುಂಚ ನಿಧಾನವಾದಲ್ಲಿ ಮಸಿ ದಪ್ಪಗೆ ಕೂರುತ್ತದೆ, ವೇಗವಾದಲ್ಲಿ ತೆಳುವಾಗುತ್ತದೆ. ಮಸಿಯ ಕಣಗಳು ಎಳೆದ ದಿಕ್ಕಿಗೆ ಮಲಗುತ್ತವೆ. ಕ್ಷಕಿರಣದಿಂದ ಪ್ರತಿ ಕಣದ ಸ್ಥಾನ ಗುರುತಿಸಿದರೆ ಬರೆದ ಕೈಯ ವೇಗ, ಒತ್ತಡ, ಓರೆ ಎಲ್ಲವನ್ನೂ ಲೆಕ್ಕಹಾಕಬಹುದು. ಆ ಲೆಕ್ಕವನ್ನು ಗವಸಿನ ತಂತಿಗಳಿಗೆ ಕೊಟ್ಟರೆ ಸತ್ತ ಕೈ ಮತ್ತೆ ಬರೆಯುತ್ತದೆ. ಸವಣೂರರು ಇದನ್ನು ಮಾಡಿದ್ದು ಈಜಿಪ್ಟಿಗಾಗಿ ಅಲ್ಲ, ನ್ಯಾಯಾಲಯಗಳಿಗಾಗಿ. ಉಯಿಲಿನ ಸಹಿ ಅಸಲಿಯೋ ನಕಲಿಯೋ ಎಂದು ಏಳು ವರ್ಷಗಳಿಂದ ಅದು ಹೇಳುತ್ತಿತ್ತು.

ಅನಸೂಯಾ ಹುಬ್ಬಳ್ಳಿಯ ದಿನಪತ್ರಿಕೆಯೊಂದರ ಕೊನೆಯ ಕರಡು ತಿದ್ದುವವರಾಗಿದ್ದರು. ಆ ಕೆಲಸವನ್ನು ಗಣಕಕ್ಕೆ ಒಪ್ಪಿಸಿ ಅವರನ್ನು ಮನೆಗೆ ಕಳಿಸಿದ ಮೇಲೆ ಪೂರ್ತಿಯಾಗಿ ಈಜಿಪ್ಟಿಗೆ ಬಿದ್ದರು. ಪಿರಮಿಡ್ಡುಗಳಲ್ಲಿ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ. ನೈಲ್ ನದಿಯ ಪಶ್ಚಿಮ ದಂಡೆಯ ಒಂದು ಕುಶಲಕರ್ಮಿಗಳ ಊರು ಅವರನ್ನು ಹಿಡಿದಿತ್ತು. ರಾಜರ ಸಮಾಧಿ ಕೊರೆಯುತ್ತಿದ್ದ ಕೆಲಸಗಾರರ ಊರು ಅದು. ಯಾರು ಕೆಲಸಕ್ಕೆ ಬಂದರು, ಯಾರು ಯಾಕೆ ಬರಲಿಲ್ಲ ಎಂಬುದನ್ನು ಅಲ್ಲಿನ ಗುಮಾಸ್ತರು ಸುಣ್ಣಕಲ್ಲಿನ ಚೂರುಗಳ ಮೇಲೆ ಬರೆದಿಡುತ್ತಿದ್ದರು. ಕಣ್ಣು ಬೇನೆ. ಬಿಯರ್ ತಯಾರಿ. ತಾಯಿಯ ಶವಕ್ಕೆ ಬಟ್ಟೆ ಸುತ್ತುವುದು.

ಬೇರೆಬೇರೆ ದೇಶಗಳ ಸಂಗ್ರಹಾಲಯಗಳಿಗೆ ಚದುರಿಹೋದ ನಲವತ್ತೊಂದು ಚೂರುಗಳನ್ನು ಬರೆದವನು ಒಬ್ಬನೇ, ಇಪ್ಪತ್ತಾರು ವರ್ಷ ಅವನೊಬ್ಬನೇ ಹಾಜರಿ ಬರೆದ ಎಂಬುದು ಅನಸೂಯಾ ಅವರ ವಾದ. ಛಾಯಾಚಿತ್ರಗಳನ್ನು ಹತ್ತೊಂಬತ್ತು ವರ್ಷ ನೋಡಿ ಮುಟ್ಟಿದ ತೀರ್ಮಾನ ಅದು. ಪದವಿಯಿಲ್ಲದ, ವಿಶ್ವವಿದ್ಯಾಲಯದ ಹೆಸರಿಲ್ಲದ ಹೆಂಗಸಿನ ಪತ್ರಕ್ಕೆ ವಿದ್ವಾಂಸರು ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಂಡಿದ್ದರು. 'ಒಂದೇ ಕೈ' ಎಂಬ ಅವರ ಪುಸ್ತಕ ಮುದ್ರಣಕ್ಕೆ ಸಿದ್ಧವಾಗಿತ್ತು. ಯಂತ್ರ ಹೌದೆಂದರೆ ಜಗತ್ತು ಒಪ್ಪಲೇಬೇಕಿತ್ತು.

ಯಂತ್ರ ಹೌದೆಂದಿತು. ಸಂಗ್ರಹಾಲಯಗಳು ಕಳಿಸಿದ ನಲವತ್ತೊಂದೂ ಕಣನಕ್ಷೆಗಳಲ್ಲಿ ಅದೇ ಕೈ.

"ಪೇಢಾ ತರಸ್ಲೇನ್ರಿ ಅಕ್ಕಾರ?" ಎಂದರು ಸವಣೂರ, ವರದಿಯನ್ನು ಮುಂದಿಡುತ್ತ.

ಅನಸೂಯಾ ವರದಿ ಓದಿದರು. ಗುಮಾಸ್ತನ ಕೊನೆಯ ವರ್ಷದ ನಾಲ್ಕು ಚೂರುಗಳ ಎದುರು ಸಣ್ಣ ಅಕ್ಷರದಲ್ಲಿ 'ಗದ್ದಲ ಶೋಧಿಸಿದೆ' ಎಂದಿತ್ತು. ಏನದು ಎಂದು ಕೇಳಿದರು. ಕಲ್ಲು ಒರಟಾಗಿದ್ದರೆ ಗೆರೆಯಲ್ಲಿ ಇನ್ನೊಂದು ಅಡ್ಡಬಲ ಇದ್ದಂತೆ ಕಾಣುತ್ತದೆ, ಅದೇ ಗದ್ದಲ, ಯಂತ್ರದೊಳಗಿನ ಶೋಧಕ ಅದನ್ನು ತಾನೇ ಸೋಸಿ ಅಳಿಸುತ್ತದೆ ಎಂದು ಸವಣೂರ ವಿವರಿಸಿದರು.

"ಅಳಸೂಕಿಂತ ಮೊದಲಿಂದು ತೋರಸ್ರಿ."

"ಅದರಾಗ ಏನೂ ಇಲ್ರಿ."

"ಇರಲಿಕ್ಕಿಲ್ಲ. ಆದ್ರ ಮೂವತ್ತೊಂದು ವರ್ಷ ನಾ ತಿದ್ದಿದ ಪ್ರತಿ ಅಷ್ಟ ನೋಡಿ ಸಹಿ ಹಾಕಿದಾಕಿ ಅಲ್ಲ. ಹೊಲಸು ಕರಡು ಬಾಜೂಕ ಇರಬೇಕು."

ಸವಣೂರ ನಗುತ್ತ ಶೋಧಕವನ್ನು ಆರಿಸಿದರು. ಅನಸೂಯಾ ಮತ್ತೆ ಗವಸು ತೊಟ್ಟರು.

ಈ ಸಲ ಕೈ ನಡುಗಿತು. ಮೊದಲ ಚೂರುಗಳಲ್ಲಿ ಚುರುಕಾಗಿ ಓಡಿದ್ದ ಅದೇ ಕೊಕ್ಕೆಗೆ ಹೊರಟು, ದಾರಿ ತಪ್ಪುವಷ್ಟರಲ್ಲಿ, ಮೇಲಿನಿಂದ ಏನೋ ಬಂದು ಅವರ ಬೆರಳುಗಳನ್ನು ಸುತ್ತುವರಿದು ಹಿಡಿಯಿತು. ಬಿಗಿಯಾಗಿ ಅಲ್ಲ. ಬೀಳದಂತೆ, ಅಷ್ಟೆ. ಕುಂಚ ಸಾಲು ಮುಗಿಸಿತು.

ಇನ್ನೂ ಮೂರು ಸಲ ಬರೆಸಿಕೊಂಡು ಅವರು ಗವಸು ಕಳಚಿದರು.

"ಇದು ಗದ್ದಲ ಅಲ್ರಿ. ಯಾರೋ ಕೈ ಹಿಡದಾರ."

ಸವಣೂರರಿಗೆ ತಿಳಿಯಲಿಲ್ಲ. ಅವರು ಅಕ್ಷರ ಕಲಿತದ್ದು ಪರದೆಯ ಮೇಲೆ. ಅನಸೂಯಾ ಮೇಜಿನ ಮೇಲಿದ್ದ ಕಾಫಿಪುಡಿಯನ್ನು ತಟ್ಟೆಗೆ ಸುರಿದರು, ಸವಣೂರರ ಕೈ ಹಿಡಿದು ಅದರಲ್ಲಿ 'ಅ' ತಿದ್ದಿಸಿದರು. ತಮ್ಮ ಕಾಲದಲ್ಲಿ ಪ್ರತಿ ಮಗುವಿನ ಕೈಯನ್ನೂ ಯಾರಾದರೊಬ್ಬರು ಹೀಗೆ ಅಕ್ಕಿಯ ಮೇಲೆ ನಡೆಸುತ್ತಿದ್ದರು ಎಂದರು. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ: "ಕಲಿಸೂ ಕೈ ಮುಂದ ಹೋಗತದ, ಹುಡುಗೂರ ಕೈ ಹಿಂದ. ಈ ಕಲ್ಲಿನ್ಯಾಗ ಒಳಗಿನ ಕೈನ ಮುಂದ ಹೊಂಟದ. ಮ್ಯಾಲಿನ ಕೈ ಬರೇ ಭಾರ ಹೊತ್ತದ. ಮುದುಕಗ ಅಕ್ಷರ ಮರ್ತಿದ್ದಿಲ್ಲ, ಕೈ ಸೋತಿತ್ತು."

ಸವಣೂರ ಎರಡೂ ಬಲಗಳನ್ನು ಬೇರ್ಪಡಿಸಿ ನೋಡಿದರು. ನಾಲ್ಕೂ ಚೂರುಗಳಲ್ಲಿ ಒಳಗಿನ ಬಲವೇ ಮೊದಲು ಹೊರಡುತ್ತಿತ್ತು. ಪರದೆಯಿಂದ ಇತ್ತ ತಿರುಗಿ ಕೇಳಿದರು:

"ನಿಮ್ಮ ಪುಸ್ತಕದ ಹೆಸರು 'ಒಂದೇ ಕೈ' ಅಲ್ರಿ? ನಾವಿಬ್ಬರ ಸುಮ್ಮನಿದ್ರ ಯಾರಿಗೂ ಗೊತ್ತಾಗೂದಿಲ್ಲ."

"ನನಗ ಗೊತ್ತಾಗೇದಲ್ಲ," ಎಂದರು ಅನಸೂಯಾ. ಅಲ್ಲಿಂದಲೇ ಮುದ್ರಣಾಲಯಕ್ಕೆ ಫೋನು ಮಾಡಿ ಪುಸ್ತಕದ ಅಚ್ಚು ತಡೆಯಲು ಹೇಳಿದರು.

ಆಮೇಲೆ ಸವಣೂರರ ಮುಖ ನೋಡಿ ಏನಾಯಿತೆಂದು ಕೇಳಿದರು.

"ಇದ ಶೋಧಕ ಕೋರ್ಟಿನ್ಯಾಗೂ ಐತ್ರಿ ಅಕ್ಕಾರ. ಅಲ್ಲೂ ಎರಡನೇ ಕೈ ಅಳಿಸಿಕೋತ ಬಂದೈತಿ."

ಎಂಟು ತಿಂಗಳ ಕಾಲ ಎರಡು ಸಾವಿರಕ್ಕೂ ಹೆಚ್ಚು ಉಯಿಲುಗಳ ಸಹಿಗಳನ್ನು ಮರುಪರೀಕ್ಷಿಸಲಾಯಿತು. ಇನ್ನೂರ ಹನ್ನೆರಡರಲ್ಲಿ ಎರಡನೆಯ ಕೈ ಸಿಕ್ಕಿತು. ಸಾಯುವವರ ಕೈ ಎಳೆದು ಆಸ್ತಿ ಹೊಡೆದವರು ಎಂದು ಪತ್ರಿಕೆಗಳು ಬರೆದವು. ಐವತ್ತಮೂರು ಪ್ರಕರಣಗಳಲ್ಲಿ ಅದು ನಿಜವೇ ಆಗಿತ್ತು. ಹೊರಗಿನ ಕೈ ಮುಂದಿತ್ತು. ಉಳಿದ ನೂರ ಐವತ್ತೊಂಬತ್ತರಲ್ಲಿ ಹೋಗುತ್ತಿದ್ದ ಜೀವದ ಕೈಯೇ ಮುಂದಿತ್ತು. ಇಷ್ಟೊಂದು ಕೈಗಳನ್ನು ಇಷ್ಟೊಂದು ಜನ ಬರೀ ಹೊತ್ತಿದ್ದರು, ಹೊತ್ತದ್ದನ್ನು ಅಪರಾಧವೆಂಬಂತೆ ಮುಚ್ಚಿಟ್ಟಿದ್ದರು ಎಂದು ಯಾರೂ ಎಣಿಸಿರಲಿಲ್ಲ.

ಅನಸೂಯಾ ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದರು. ಎರಡನೆಯ ಕೈ ಮಗನದೋ ಮಗಳದೋ ಶಿಷ್ಯನದೋ ತಿಳಿಯದು, ತಿಳಿಯುವ ದಾರಿಯೂ ಇಲ್ಲ ಎಂದು ಬರೆದು ಅಲ್ಲಿಗೆ ನಿಲ್ಲಿಸಿದರು. ಆ ಅಧ್ಯಾಯ ಪತ್ರಿಕೆಯಲ್ಲಿ ಬಂದ ವಾರ ರೋಣದಿಂದ ಬಸವಣ್ಣೆವ್ವ ಎಂಬ ಹೆಂಗಸು ಅವರನ್ನು ಹುಡುಕಿಕೊಂಡು ಬಂದಳು. ತಂದೆಯ ಉಯಿಲಿನಲ್ಲಿ ಅವನ ಕೈ ಹಿಡಿದಿದ್ದವಳು ಅವಳು. ಐದು ವರ್ಷ ಅಣ್ಣಂದಿರಿಗೂ ಹೇಳಿರಲಿಲ್ಲ. ಮರುಪರೀಕ್ಷೆಯ ಮೇಲೂ ತೀರ್ಪು ಅವಳ ಪರವಾಗಿಯೇ ಬಂದಿತ್ತು. ಅವಳಿಗೆ ಬೇಕಾದದ್ದು ಬೇರೆ.

ಅನಸೂಯಾ ಅವಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದರು. ಸವಣೂರ ಅವಳ ತಂದೆಯ ಸಹಿಯಿಂದ ಹೊರಗಿನ ಬಲವನ್ನು ತೆಗೆದು ಒಳಗಿನದನ್ನು ಮಾತ್ರ ಉಳಿಸಿದರು. ಮೇಜಿನ ಮೇಲೆ ಬರಿಗವಸು ನಡುಗುತ್ತ ಎದ್ದು ಸಹಿ ಮಾಡಹೊರಟಿತು. ಬಸವಣ್ಣೆವ್ವ ತನ್ನ ಕೈಯನ್ನು ಅದರ ಮೇಲಿಟ್ಟಳು. ನಡುಕ ನಿಂತಿತು. ಸಹಿ ಮುಗಿಯಿತು.

"ಇನ್ನೊಮ್ಮಿ ಹಚ್ರಿ," ಎಂದಳು.

ಸವಣೂರ ಅಂದು ಹನ್ನೊಂದು ಸಲ ಹಚ್ಚಿದರು.