ಎಡತೋಳಿನ ಕೆಸರು

ದೂರು ಬಂದದ್ದು 2007ರ ಜುಲೈ 22, ಭಾನುವಾರ ಮಧ್ಯಾಹ್ನ ಒಂದೂವರೆಗೆ. ನಂಜನಗೂಡಿನ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಡುಗನ ಅಂಗಿಯ ಮೇಲೆಲ್ಲ ರಕ್ತವಿತ್ತು. ಹೆಸರು ಪ್ರೇಮ್‌ಕುಮಾರ್, ವಯಸ್ಸು ಇಪ್ಪತ್ತಾರು, ಊರು ಟಿ. ನರಸೀಪುರ ತಾಲ್ಲೂಕಿನ ಮೂಗೂರು, ಕೆಲಸ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ. ಸತ್ತವಳು ಹದಿನಾರು ಎಂಬ ಊರಿನ ಸಾಕಮ್ಮ. ಅವಳ ಮಗಳು ಪವಿತ್ರಳಿಗೂ ಇವನಿಗೂ ಕಳೆದ ತಿಂಗಳಷ್ಟೇ ನಿಶ್ಚಿತಾರ್ಥವಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರಾ ಕುರ್ಚಿ ತೋರಿಸಿದರು.

"ಕೂತ್ಕೊಂಡು ಹೇಳಪ್ಪ. ಏನು ನೋಡಿದೆ?"

"ಅತ್ತೆ ನಮ್ಮೂರಿಗೆ ಬರಕ್ಕೆ ಅಂತ ಬಸ್‌ಸ್ಟಾಪ್ ಕಡೆ ನಡ್ಕಂಡು ಓಯ್ತಿದ್ರು ಮೇಡಂ. ನಾನು ಇಂದ್ಗಡೆ ಬೈಕಲ್ಲಿ ಬತ್ತಿದ್ದೆ. ನಾಲೆ ತಿರುವಲ್ಲಿ ಒಂದು ನೀಲಿ ಟೆಂಪೊ ಗುದ್‌ಬುಟ್ಟು ಓಯ್ತು. ಆಟೊದಲ್ಲಿ ಆಸ್ಪತ್ರೆಗೆ ತಂದೆ. ಅಷ್ಟೊತ್ತಿಗೆ ಜೀವ ಓಗಿತ್ತು."

"ಟೆಂಪೊ ನಂಬರ್?"

"ಮಳೆ ಮೇಡಂ. ಕಾಣ್ನಿಲ್ಲ."

"ನಿನ್ನ ಬೈಕ್ ಎಲ್ಲಿದೆ?"

"ಅಲ್ಲೇ ಪಂಪ್‌ಸೆಟ್ ಮನೆ ಅತ್ರ ನಿಲ್ಸಿವ್ನಿ."

ಅಜಾಗರೂಕ ಚಾಲನೆಯಿಂದ ಸಾವು, ಚಾಲಕ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು. ಶವಾಗಾರದಲ್ಲಿ ಶವ ಪಂಚನಾಮೆ, ನಾಲೆ ತಿರುವಿನಲ್ಲಿ ಸ್ಥಳ ಪಂಚನಾಮೆ ಎರಡೂ ಅಂದೇ ಮುಗಿದವು. ಜಾಗ ತೋರಿಸಿದವನು ಪ್ರೇಮ್‌ಕುಮಾರನೇ. ಮಳೆಯ ನೀರು ರಸ್ತೆಯನ್ನು ತೊಳೆದು ಹಾಕಿತ್ತು. ದೂರು ಕೊಟ್ಟವನ ಬೈಕನ್ನು ಯಾರು ತಾನೇ ಪರೀಕ್ಷಿಸುತ್ತಾರೆ? ಸಂಜೆ ಅವನು ಅದನ್ನು ಹತ್ತಿಕೊಂಡು ಮೂಗೂರಿಗೆ ಹೋದ. ಮಾರನೆಯ ದಿನ ಬಂದು ಸಾಕಮ್ಮನ ಚಟ್ಟಕ್ಕೆ ಮುಂದಿನಿಂದ ಹೆಗಲು ಕೊಟ್ಟ. ಗಂಡುಮಕ್ಕಳಿಲ್ಲದ ಆ ಮನೆಗೆ ಇಂಥ ಅಳಿಯ ಸಿಕ್ಕಿದ್ದು ಪುಣ್ಯ ಎಂದು ಊರಿನವರು ಕಣ್ಣೊರೆಸಿಕೊಂಡರು.

ಮಂಗಳವಾರ ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದು ಒಂದು ನೀಲಿ ಟೆಂಪೊ ಹಿಡಿದು ತಂದರು. ಡ್ರೈವರ್ ಚನ್ನಯ್ಯ, ರಸಬಾಳೆ ಗೊನೆ ಸಾಗಿಸುವವನು. ಭಾನುವಾರ ಬೆಳಿಗ್ಗೆ ಅದೇ ರಸ್ತೆಯಲ್ಲಿ ಹೋಗಿದ್ದೆ ಎಂದು ತಾನೇ ಒಪ್ಪಿಕೊಂಡ.

"ಹೆಂಗಸಿಗೆ ಗುದ್ದಿದೆಯಾ?"

"ನನ್ ಮಕ್ಕಳಾಣೆ, ಇಲ್ಲ ಮೇಡಂ. ಇಪ್ಪತ್ತು ವರ್ಸದಿಂದ ಗಾಡಿ ಓಡುಸ್ತಾ ಇವ್ನಿ, ಒಂದು ಕೋಳಿ ಮ್ಯಾಲೂ ಅತ್ಸಿಲ್ಲ."

ಟೆಂಪೊದಲ್ಲಿ ಒಂದು ಗೀರೂ ಹೊಸದಿರಲಿಲ್ಲ. ಆದರೂ ಗಾಡಿ ಠಾಣೆಯ ಅಂಗಳದಲ್ಲೇ ನಿಂತಿತು, ಒಳಗೆ ಬಾಳೆ ಕಪ್ಪಾಗತೊಡಗಿತು. ಚನ್ನಯ್ಯನ ಹೆಂಡತಿ ವೆಂಕಟಮ್ಮ ಬೆಳಗಿನಿಂದ ಸಂಜೆಯವರೆಗೆ ಬೇವಿನಮರದ ಕಟ್ಟೆಯ ಮೇಲೆ ಕೂತಿದ್ದಳು. ಯಾರನ್ನೂ ಬೈಯಲಿಲ್ಲ, ಅಳಲೂ ಇಲ್ಲ. ಸಂಘಮಿತ್ರಾ ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಆ ಎದ್ದು ನಿಲ್ಲುವುದನ್ನು ನೋಡಲಾಗದೆ ಸಂಘಮಿತ್ರಾ ಹಿಂಬಾಗಿಲಿನಿಂದ ಓಡಾಡತೊಡಗಿದರು.

ಬುಧವಾರ ಮರಣೋತ್ತರ ಪರೀಕ್ಷೆಯ ವರದಿ ಬಂತು. ತಲೆಯ ಹಿಂಭಾಗಕ್ಕೆ ಪೆಟ್ಟು, ಎಡ ಹೆಗಲು ತರಚಿದೆ, ಕತ್ತಿನ ಬಳಿ ಬಟ್ಟೆ ಬಿಗಿದ ಕೆಂಪು ಗುರುತು. ಕಾಲು, ಸೊಂಟ ಎರಡೂ ಸರಿಯಾಗಿವೆ.

"ಟೆಂಪೊ ಗುದ್ದಿದರೆ ಸೊಂಟ ಬಿಟ್ಟು ನೇರ ತಲೆಗೆ ಗುದ್ದುತ್ತೇನ್ರೀ ಚಿಕ್ಕಮಾದು?" ಎನ್ನುತ್ತ ಸಂಘಮಿತ್ರಾ ಸಾಕಮ್ಮನ ಬಟ್ಟೆಯ ಗಂಟು ಬಿಚ್ಚಿಸಿದರು.

ಬದನವಾಳಿನ ಖಾದಿ ಕೇಂದ್ರದಲ್ಲಿ ಕೊಂಡ ದಪ್ಪ ಹತ್ತಿ ಸೀರೆ. ಬೀಗರ ಮನೆಗೆ ಹೋಗಲೆಂದು ಉಟ್ಟ ಹೊಸದು. ಸೆರಗಿನ ತುದಿಯಲ್ಲಿ ಅಂಗೈಯಗಲದ ತುಂಡು ಹರಿದು ಹೋಗಿತ್ತು. ಕುಪ್ಪಸದ ಬಲತೋಳು ಶುಭ್ರ. ಎಡತೋಳಿನ ಮೇಲೆ ಮಾತ್ರ ಕೆಸರಿನ ಚುಕ್ಕಿಗಳು, ಕೆಳಗಿನಿಂದ ಮೇಲಕ್ಕೆ ಸಿಡಿದಂತೆ ಒಂದೇ ಸಾಲಿನಲ್ಲಿ. ಸೊಂಟದ ಎಡ ಮಗ್ಗುಲಲ್ಲೂ ಅದೇ ಸಾಲು.

ಬಿದ್ದಾಗ ಹತ್ತುವ ಕೆಸರು ಮೆತ್ತಿಕೊಂಡಿರುತ್ತದೆ, ಹೀಗೆ ಸಾಲು ಹಿಡಿದು ಸಿಡಿಯುವುದಿಲ್ಲ. ಸಂಘಮಿತ್ರಾ ಅಂಗಳಕ್ಕೆ ಹೋಗಿ ಚಿಕ್ಕಮಾದು ಅವರ ಬೈಕಿನ ಹಿಂದಿನ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತರು.

"ಮೇಡಂ, ಜನ ನೋಡ್ತಾವ್ರೆ!" ಚಿಕ್ಕಮಾದು ಗಾಬರಿಯಾದರು.

"ನೋಡಲಿ ಬಿಡ್ರೀ. ಹೆಂಗಸರು ಹೀಗೇ ತಾನೇ ಕೂರೋದು? ಬಲಗೈ ಗಾಡಿ ಓಡಿಸೋನ ಹೆಗಲ ಮೇಲೆ. ಎಡತೋಳು ಯಾವ ಕಡೆ ಬಂತು?"

"ಇಂದ್ಗಡೆ ಚಕ್ರದ ಕಡೆ."

"ಸೆರಗು ಯಾವ ಹೆಗಲ ಮೇಲಿರುತ್ತೆ?"

"ಎಡ..." ಚಿಕ್ಕಮಾದು ಮಾತು ನಿಲ್ಲಿಸಿ ತಮ್ಮ ಗಾಡಿಯನ್ನೇ ನೋಡಿದರು. "ಆದ್ರೆ ಮೇಡಂ, ಕೆಸ್ರು ಮ್ಯಾಕೆ ಆರಕ್ಕಿಲ್ಲ. ಮಡ್‌ಗಾರ್ಡ್ ಅದೆ. ಚಕ್ರದ ಪಕ್ಕ ಸೀರೆ ಗಾರ್ಡ್ ಬೇರೆ ಅದೆ."

"ಎರಡೂ ಇಲ್ಲದ ಗಾಡಿ ಇಲ್ವೇ?"

"ಅವೆ. ಈಗಿನ ಐಕ್ಳು ಮೈಸೂರಿಂದ ಟೈಲ್ ಟೈಡಿ ಅಂತ ತತ್ತಾರೆ. ಉದ್ದನೆ ಮಡ್‌ಗಾರ್ಡು, ಸೀರೆ ಗಾರ್ಡು ಎರಡ್ನೂ ಬಿಚ್ಚಾಕಿ, ಗೇಣುದ್ದ ಪಟ್ಟಿ ಕೂರ್ಸಿ, ನಂಬರ್ ಪ್ಲೇಟ್ನ ಲೈಟಿನ ಅಡೀಕೆ ಸೇರುಸ್ತಾರೆ. ಮನೇಲೇ ಮಾಡ್ಕತಾರೆ. ಇಂದ್ಗಡೆ ನೋಡಿದ್ರೆ ಕೋಳಿ ಪುಕ್ಕ ಕಿತ್ತಂಗೆ ಕಾಣ್ತದೆ."

ಗುರುವಾರ ಬೆಳಿಗ್ಗೆ ಜೀಪು ಮೂಗೂರಿಗೆ ಹೋಯಿತು. ಪ್ರೇಮ್‌ಕುಮಾರನ ತಂದೆ ಪುಟ್ಟಬಸವಯ್ಯ ಜಗಲಿಗೆ ಚಾಪೆ ಹಾಸಿದರು. ಕೊಟ್ಟಿಗೆಯ ಮಾಡಿನ ಕೆಳಗೆ ಬೈಕು ನಿಂತಿತ್ತು. ಉದ್ದನೆಯ ಮಡ್‌ಗಾರ್ಡ್ ಇತ್ತು, ಸೀರೆ ಗಾರ್ಡೂ ಇತ್ತು. ಚಿಕ್ಕಮಾದು ಅವರ ಮುಖ ಸಪ್ಪಗಾಯಿತು.

ಸಂಘಮಿತ್ರಾ ಮಾತ್ರ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಪಕ್ಕದಲ್ಲಿ ನಿಂತಿದ್ದ ಪ್ರೇಮ್‌ಕುಮಾರನನ್ನು ಕೇಳಿದರು.

"ಭಾನುವಾರದಿಂದ ಈ ಗಾಡಿ ಓಡಿಸಿದೀಯಾ?"

"ಇಲ್ಲ ಮೇಡಂ. ಮನಸಾಯ್ತಿಲ್ಲ, ಬಸ್ಸಲ್ಲೇ ಓಯ್ತೀನಿ."

"ತೊಳೆದಿದೀಯಾ?"

"ಇಲ್ಲ. ನಾನೇನೂ ಬಿಚ್ಚಿಲ್ಲ ಮೇಡಂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೇ. ಬಿಚ್ಚಿದ ಮಾತನ್ನು ಯಾರೂ ಎತ್ತಿರಲಿಲ್ಲ. ಸಂಘಮಿತ್ರಾ ಕೈ ಒಳಗೆ ಹಾಕಿ ಮಡ್‌ಗಾರ್ಡಿನ ಅಡಿಯನ್ನು ಸವರಿ, ಬೆರಳುಗಳನ್ನು ಅವನ ಮುಂದೆ ಹಿಡಿದರು. ಒಣ ಧೂಳು, ಜೊತೆಗೆ ಜೇಡರ ಬಲೆಯ ಎಳೆ.

"ಎಂಜಿನ್ ಮೇಲೆ ಕೆಸರು, ಸೀಟಿನ ಅಡಿ ಕೆಸರು, ಚೈನಿನ ಮೇಲೂ ಕೆಸರು. ವಾರವಿಡೀ ಮಳೆ. ಇಡೀ ಬೈಕು ಮಳೆಯಲ್ಲಿ ನೆನೆಯುವಾಗ ಮಡ್‌ಗಾರ್ಡ್ ಒಂದು ಮಾತ್ರ ಮನೆಯೊಳಗೆ ಕೂತಿತ್ತಾ ಪ್ರೇಮ್?"

ಉತ್ತರ ಕೊಟ್ಟವರು ಅಪ್ಪ. ಅವರಿಗೆ ಏನೂ ಗೊತ್ತಿರಲಿಲ್ಲ, ಪಾಪ.

"ಅಟ್ಟದ ಮ್ಯಾಲಿತ್ತು ಕಣವ್ವ. ಯುಗಾದಿಗೆ ಮುಂಚೆ ಇದೇ ಜಗಲಿ ಮ್ಯಾಲೆ ಕೂತು ಬಿಚ್ದ. ಅತ್ತನೇ ನಂಬರ್ ಸ್ಪ್ಯಾನರ್ ಇಟ್ಕಂಡು, ವೈರು ಕುಯ್ದು, ಟೇಪ್ ಸುತ್ತಿ, ಒಂದು ವೊತ್ತೆಲ್ಲ ಅದೇ ಕೆಲ್ಸ. ಎಂಗಸ್ರು ಕೂತ್ರೆ ಸೀರೆ ಗತಿ ಏನ್ಲಾ ಅಂತ ಕೇಳ್ದೆ. ಬಾನ್ವಾರ ರಾತ್ರಿ ತಿರ್ಗ ಆಕಂಡ. ಬುದ್ಧಿ ಬಂತಲ್ಲ ಅಂದ್ಕಂಡೆ."

ಹೇಳಿ ಮುಗಿಸಿದ ಮೇಲೆ ಮಗನ ಮುಖ ನೋಡಿದರು. ನೋಡಿದ್ದೇ ಕಂಬ ಹಿಡಿದು ಕೆಳಗೆ ಕೂತರು.

ಊರಿನ ಇಬ್ಬರು ಪಂಚರ ಎದುರಿನಲ್ಲಿ ಅಟ್ಟದ ಗೋಣಿಚೀಲದಿಂದ ಟೈಲ್ ಟೈಡಿ ಸಿಕ್ಕಿತು. ಅದರ ಅಡಿಯೆಲ್ಲ ಒಣಗಿದ ಕೆಸರು. ಮೋಟಾರು ವಾಹನ ನಿರೀಕ್ಷಕರನ್ನು ಕರೆಸಿ ಹಿಂದಿನ ಚಕ್ರ ಬಿಚ್ಚಿಸಿದಾಗ ಅಚ್ಚಿನ ಸುತ್ತ ಹಗ್ಗದಂತೆ ಹೊಸೆದುಕೊಂಡ ಬಟ್ಟೆಯ ತುಂಡು ಬಂತು. ಸಾಕಮ್ಮನ ಸೆರಗಿನ ಪಕ್ಕ ಇಟ್ಟಾಗ ಅಂಚಿಗೆ ಅಂಚು ಕೂಡಿತು. ಎಲ್ಲವನ್ನೂ ಜಪ್ತಿ ಮಾಡಿ ಪಂಚನಾಮೆ ಬರೆದರು. ಸಾಕ್ಷ್ಯ ನಾಶ ಮತ್ತು ಸುಳ್ಳು ಮಾಹಿತಿಯ ಕಲಂಗಳು ಎಫ್‌ಐಆರ್‌ಗೆ ಸೇರಿದವು. ಮಧ್ಯಾಹ್ನ ಮೂರು ಗಂಟೆಗೆ ಪ್ರೇಮ್‌ಕುಮಾರನ ಬಂಧನವಾಯಿತು.

ಠಾಣೆಗೆ ಬಂದ ಕೂಡಲೇ ಸಂಘಮಿತ್ರಾ ಮೊದಲು ಮಾಡಿದ ಕೆಲಸ ಚನ್ನಯ್ಯನ ಕೈಗೆ ಟೆಂಪೊದ ಕೀಲಿ ಕೊಟ್ಟದ್ದು. ವೆಂಕಟಮ್ಮ ಮತ್ತೆ ಎದ್ದು ನಿಂತು, ಈ ಸಲ ಕೈ ಮುಗಿದಳು. ಸಂಘಮಿತ್ರಾಗೆ ಇನ್ನೂ ಕಷ್ಟವಾಯಿತು.

ಒಳಗೆ ಹುಡುಗ ಒಂದೇ ಉಸಿರಿಗೆ ಹೇಳಿದ. ಮದುವೆಯ ಮಾತುಕತೆಗೆ ಸಾಕಮ್ಮ ಮೂಗೂರಿಗೆ ಹೊರಟಿದ್ದಳು. ಬಸ್ಸು ಬರಲಿಲ್ಲ, ಇವನೇ ಬೈಕಿಗೆ ಹತ್ತಿಸಿಕೊಂಡ.

"ಸೆರಗು ಸಿಕ್ಕಾಕ್ಕಳಕ್ಕಿಲ್ವಾ ಮಗ ಅಂತ ಕೇಳುದ್ರು. ಮಡ್ಲಲ್ಲಿ ಇಡ್ಕೊ ಅತ್ತೆ ಅಂದೆ. ಒಂದು ಕೈಲಿ ಅಣ್ಣು ಕಾಯಿ ಚೀಲ, ಇನ್ನೊಂದು ಕೈ ನನ್ ಹೆಗಲ ಮ್ಯಾಲೆ. ಎಲ್ಲಿ ಇಡ್ಕತಾರೆ ಮೇಡಂ?"

"ಗಾರ್ಡ್ ಯಾಕೆ ಬಿಸಾಕಿರಲಿಲ್ಲ?"

"ಮದ್ವೆ ಆದ್ಮೇಲೆ ಪವಿತ್ರ ಕೂರ್ತಾಳಲ್ಲ, ಆವಾಗ ಆಕಣ ಅಂತ ಕಟ್ಟಿಟ್ಟಿದ್ದೆ."

"ನಿಜ ಹೇಳೋದಕ್ಕೇನಾಗಿತ್ತು ನಿನಗೆ?"

"ಅವ್ವನ್ನ ಸಾಯ್ಸಿದವನ್ನ ಯಾರ್ ಮದ್ವೆ ಆಯ್ತಾರೆ ಮೇಡಂ? ಅವಳು ಬ್ಯಾಡ ಅಂದ್ಬುಡ್ತಾಳೆ ಅಂತ ಎದರ್ಕಂಡೆ."

ಸಂಜೆ ಹದಿನಾರಿನಿಂದ ಪವಿತ್ರ ಬಂದಳು. ಸಂಘಮಿತ್ರಾ ತಾವೇ ಎದುರು ಕೂರಿಸಿಕೊಂಡು, ಒಂದು ಮಾತೂ ಮುಚ್ಚಿಡದೆ ನಡೆದದ್ದನ್ನೆಲ್ಲ ತಿಳಿಸಿದರು. ಹುಡುಗಿ ತಲೆ ತಗ್ಗಿಸಿ ಕೇಳಿದಳು. ಕೊನೆಗೆ, "ಅವ್ವನ ಸೀರೆ ಯಾವಾಗ ಕೊಡ್ತೀರಿ?" ಎಂದಳು. ಕೇಸು ಮುಗಿದ ಮೇಲೆ ಎಂದರು ಸಂಘಮಿತ್ರಾ.

ಪವಿತ್ರ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ಬೈಕಿಂದ ಬೀಳೋದು ಯಾರ ಕೈಲಾದ್ರೂ ಆಯ್ತದೆ ಮೇಡಂ. ಅವತ್ತೇ ಯೋಳಿದ್ರೆ ನಾನೇನು ಬ್ಯಾಡ ಅಂತಿರ್ನಿಲ್ಲ. ಅವ್ವನ ಚಟ್ಟಕ್ಕೆ ಎಗಲು ಕೊಟ್ಟು, ಒಂದು ಮಾತೂ ಯೋಳದೆ ಓದ್ರಲ್ಲ."

ಅವಳು ಬಸ್ಸಿಗೆ ಹೋದಳು. ಠಾಣೆ ಚಿಕ್ಕದು, ಲಾಕಪ್ಪು ಪಕ್ಕದ ಗೋಡೆಗೇ ಅಂಟಿಕೊಂಡಿತ್ತು, ಇಲ್ಲಿನ ಮಾತೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು. ಚಿಕ್ಕಮಾದು ಊಟ ಕೊಡಲು ಹೋದಾಗ ಪ್ರೇಮ್‌ಕುಮಾರ್ ಗೋಡೆಗೆ ಮುಖ ಮಾಡಿ ಕೂತಿದ್ದ. ಎರಡು ಸಲ ಕೂಗಿದರೂ ತಿರುಗಲಿಲ್ಲ.